ವಿಡಿಆರ್‌ಎಲ್ ರಿಯಾಕ್ಟಿವ್ ಬಂತಾ? ಮೊದ್ಲು ಟಿಪಿಎಚ್‌ಎ ಮಾಡಿಸಿ

ಬಸುರಿ ಚೆಕಪ್‌ಗೆ ಹೋದಾಗ ಇಲ್ಲಾ ರಕ್ತದಾನ ಮಾಡಿದಾಗ ಲೈಂಗಿಕ ಸಂಪರ್ಕದಿಂದ ಹರಡೋ ಸಿಫಿಲಿಸ್ ರೋಗ ಇದ್ಯಾ ಅಂತ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಅನ್ನೋ ರಕ್ತ ಪರೀಕ್ಷೆ ಮಾಡ್ತಾರೆ, ಅದ್ರಲ್ಲಿ ರಿಯಾಕ್ಟಿವ್ ಅಂತ ಬಂದ್ರೆ ಮನೇಲಿ ರಾದ್ಧಾಂತ ಶುರು. ನಾನು ಲ್ಯಾಬಲ್ಲಿ ಕೆಲ್ಸ ಮಾಡೋದು, ಐದು ತಿಂಗಳ ಬಸುರಿ ಹುಡುಗಿ ಒಬ್ಳು ರಿಪೋರ್ಟ್ ಹಿಡ್ಕೊಂಡು ಕೌಂಟರ್ ಮುಂದೆ ನಡುಗ್ತಾ ನಿಂತಿದ್ಲು, ಜೊತೇಲಿ ಬಂದಿದ್ದ ಅತ್ತೆ ಮಾತೇ ಆಡ್ಲಿಲ್ಲ. ಟೈಟರ್, ಅಂದ್ರೆ ಸೀರಮ್ (ರಕ್ತದ ತಿಳಿ ಭಾಗ) ಎಷ್ಟು ಪಟ್ಟು ತೆಳು ಮಾಡಿದ್ರೂ ರಿಯಾಕ್ಟಿವ್ ಬರುತ್ತೆ ಅನ್ನೋ ಲೆಕ್ಕ, ಇದ್ದಿದ್ದು ಬರೀ 1:2. ಆಮೇಲೆ ಖಚಿತ ಮಾಡ್ಕೊಳ್ಳೋಕೆ ಮಾಡೋ ಟಿಪಿಎಚ್‌ಎ ಟೆಸ್ಟ್ ನೆಗೆಟಿವ್ ಬಂತು.

ಯಾಕೆ ಹೀಗೆ ಅಂದ್ರೆ, ಆರ್‌ಪಿಆರ್‌ನಲ್ಲಿ ಬಿಳಿ ಕಾರ್ಡ್ ಮೇಲೆ ನಿಮ್ಮ ಸೀರಮ್ ಹಾಕಿ, ಇದ್ದಿಲು ಪುಡಿ ಬೆರೆತ ಆಂಟಿಜನ್ ಹನಿ ಬಿಟ್ಟು, 8 ನಿಮಿಷ ತಿರುಗಿಸ್ತೀವಿ, ಕರಿ ಕಾಳು ಒಟ್ಟುಗೂಡಿದ್ರೆ ರಿಯಾಕ್ಟಿವ್. ಆದ್ರೆ ಅದು ಹಿಡಿಯೋದು ಕಾರ್ಡಿಯೋಲಿಪಿನ್ ಅನ್ನೋ ಕೊಬ್ಬಿನ ವಿರುದ್ಧದ ಆಂಟಿಬಾಡಿನ, ಮಲೇರಿಯಾ, ಲೂಪಸ್ (ರೋಗನಿರೋಧಕ ಶಕ್ತಿ ನಮ್ಮ ಮೈಮೇಲೇ ತಿರುಗಿಬೀಳೋ ಕಾಯಿಲೆ), ಕೆಲವು ಸಲ ಬರೀ ಬಸಿರಲ್ಲೂ ಅದು ಬರುತ್ತೆ. ಟಿಪಿಎಚ್‌ಎ ಹುಡುಕೋದು ಸಿಫಿಲಿಸ್ ರೋಗಾಣು ವಿರುದ್ಧದ ಆಂಟಿಬಾಡಿನೇ.

ಅದಕ್ಕೆ ರಿಪೋರ್ಟಲ್ಲಿ ಮೊದ್ಲು ಟೈಟರ್ ನೋಡಿ, ಬರೆದಿಲ್ಲ ಅಂದ್ರೆ ಲ್ಯಾಬ್‌ನವ್ರನ್ನ ಕೇಳಿ ಬರೆಸ್ಕೊಳ್ಳಿ. ಸುಳ್ಳು ಪಾಸಿಟಿವ್ ಹೆಚ್ಚಾಗಿ 1:8ಕ್ಕಿಂತ ಕಮ್ಮಿ ಇರುತ್ತೆ, ಹಾಗಂತ ಕಮ್ಮಿ ಇದೆ ಅಂತ ಬಿಟ್ಬಿಡಬೇಡಿ, ಹಳೇ ಸಿಫಿಲಿಸ್‌ನಲ್ಲೂ ಕಮ್ಮಿನೇ ಇರಬಹುದು. ಟಿಪಿಎಚ್‌ಎ ಮಾಡಿಸಿ. ಎರಡೂ ಪಾಸಿಟಿವ್ ಇದ್ದು ಹಿಂದೆ ಚಿಕಿತ್ಸೆ ಆಗಿಲ್ಲ ಅಂದ್ರೆ ಚಿಕಿತ್ಸೆ ಬೇಕೇ ಬೇಕು. ಟಿಪಿಎಚ್‌ಎ ನೆಗೆಟಿವ್ ಬಂದ್ರೂ ಇತ್ತೀಚೆಗೆ ಸೋಂಕು ಇರಬಹುದಾದವರ ಜೊತೆ ಲೈಂಗಿಕ ಸಂಪರ್ಕ ಆಗಿದ್ರೆ ಇಲ್ಲಾ ಹುಣ್ಣು ಇದ್ರೆ 2ರಿಂದ 4 ವಾರ ಬಿಟ್ಟು ಎರಡೂ ಮತ್ತೆ ಮಾಡಿಸಿ.

ಬಸುರಿಯರು ಮಾತ್ರ ಕನ್ಫರ್ಮ್ ಆಗ್ಲಿ ಅಂತ ಮನೇಲಿ ಕೂರಬೇಡಿ ದಯವಿಟ್ಟು, ಅವತ್ತೇ ಡಾಕ್ಟರ್ ಹತ್ರ ಹೋಗಿ, ಮಗುಗೆ ತಗುಲಿದ್ರೆ ಹೊಟ್ಟೇಲೇ ತೀರ್ಕೊಬಹುದು, ಪೆನಿಸಿಲಿನ್ ಇಂಜೆಕ್ಷನ್ ಮೊದ್ಲೇ ಕೊಡೋದು ಅದಕ್ಕೇನೆ. ಪೆನಿಸಿಲಿನ್ ಅಲರ್ಜಿ ಇದ್ರೆ ಮೊದ್ಲೇ ಹೇಳಿ.

ಇನ್ನೊಂದು, ಚಿಕಿತ್ಸೆ ಆದ್ಮೇಲೂ ಟಿಪಿಎಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗೇ ಇರುತ್ತೆ, ಅದನ್ನ ನೋಡಿ ಗಾಬರಿ ಆಗ್ಬೇಡಿ. ವಾಸಿ ಆಯ್ತಾ ಅಂತ ತಿಳಿಯೋದು ಟೈಟರ್ ಇಂದ, 1:32 ಇದ್ದಿದ್ದು 1:8ಕ್ಕೆ ಇಳಿದ್ರೆ ಒಳ್ಳೇದು, ಅದೇ ಲ್ಯಾಬಲ್ಲಿ ಅದೇ ಟೆಸ್ಟ್ ಮಾಡಿಸಿ.

ಜಿಲ್ಲಾಸ್ಪತ್ರೆ ಸುರಕ್ಷಾ ಕ್ಲಿನಿಕ್‌ನಲ್ಲಿ (ಲೈಂಗಿಕ ರೋಗಗಳ ಸರ್ಕಾರಿ ಕ್ಲಿನಿಕ್) ಸಿಫಿಲಿಸ್ ಟೆಸ್ಟ್, ಚಿಕಿತ್ಸೆ ಫ್ರೀ, ಎಚ್‌ಐವಿ ಟೆಸ್ಟೂ ಜೊತೆಗೇ ಮಾಡಿಸಿ, ಗಂಡ ಹೆಂಡ್ತಿ ಇಬ್ರೂ ಹೋಗಿ, ಹಳೇ ರಿಪೋರ್ಟ್, ಇಂಜೆಕ್ಷನ್ ಚೀಟಿ ಇದ್ರೆ ಮರೀದೆ ತಗೊಂಡು ಹೋಗಿ.