ಬ್ರಾಂಚ್ ಕವರೇಜ್ ಸುಮ್ನೆ ಕಡಿಮೆ ತೋರಿಸುತ್ತಿದೆಯಾ? ಟಾರ್ಗೆಟ್ ನೋಡಿ
ಟಿಎಸ್-ಜೆಸ್ಟ್‌ನಲ್ಲಿ (ಟೈಪ್‌ಸ್ಕ್ರಿಪ್ಟ್ ಕೋಡನ್ನು ಜೆಸ್ಟ್ ಅನ್ನುವ ಟೆಸ್ಟ್ ಟೂಲ್‌ನಲ್ಲಿ ಓಡಿಸುವ ಪ್ಯಾಕೇಜ್) ಕಾಂಪೊನೆಂಟ್ ಟೆಸ್ಟ್ ಬರೆಯುವವರಿಗೆ ಇದು. ಲೈನ್ ಕವರೇಜ್ 100 ಇರುತ್ತದೆ, ಆದರೆ ಒಂದು ಇಫ್ ಕೂಡ ಇಲ್ಲದ ಸಾಲಿನಲ್ಲಿ ಬ್ರಾಂಚ್ (ಕೋಡ್ ಕವಲೊಡೆಯುವ ದಾರಿ) ಕವರ್ ಆಗಿಲ್ಲ ಅಂತ ಹಳದಿ ಗುರುತು ಬರುತ್ತದೆ, ಅಲ್ವಾ? ಅಲ್ಲಿ ‘ಯೂಸರ್?.ನೇಮ್’ ಥರದ್ದು (ಯೂಸರ್ ಇಲ್ಲದಿದ್ದರೆ ಎರರ್ ಬದಲು ಅನ್‌ಡಿಫೈನ್ಡ್ ಕೊಡುವ ?.) ಇದೆಯಾ ನೋಡಿ.

ಟಾರ್ಗೆಟ್, ಅಂದರೆ ಕಂಪೈಲ್ ಆಗಿ ಬರುವ ಜಾವಾಸ್ಕ್ರಿಪ್ಟ್‌ನ ಆವೃತ್ತಿ, ಇಎಸ್2019 ಅಥವಾ ಅದಕ್ಕಿಂತ ಹಳೆಯದಿದ್ದರೆ ಟೈಪ್‌ಸ್ಕ್ರಿಪ್ಟ್ ಆ ?. ಅನ್ನು ನಲ್ ಚೆಕ್ ಇರುವ ಟರ್ನರಿಯಾಗಿ (ಒಂದೇ ಸಾಲಿನ ಇಫ್-ಎಲ್ಸ್) ಬಿಡಿಸಿ ಬರೆಯುತ್ತದೆ. ಇಸ್ತಾನ್‌ಬುಲ್ (ಜೆಸ್ಟ್ ಬಳಸುವ ಕವರೇಜ್ ಟೂಲ್) ಎಣಿಸುವುದು ಹೀಗೆ ಕಂಪೈಲ್ ಆದ ಕೋಡನ್ನು, ಆಮೇಲೆ ಸೋರ್ಸ್ ಮ್ಯಾಪ್ (ಕಂಪೈಲ್ ಆದ ಕೋಡ್ ಮೂಲದ ಯಾವ ಸಾಲಿನದು ಅಂತ ಹೇಳುವ ನಕ್ಷೆ) ಹಿಡಿದು ಆ ಬ್ರಾಂಚ್‌ಗಳನ್ನೆಲ್ಲ ತಂದು ನೀವು ಬರೆದ ಸಾಲಿನ ಮೇಲೆ ಹಾಕುತ್ತದೆ. ಟೆಸ್ಟ್‌ಗೆ ಬಳಸುವ ಟಿಎಸ್‌ಕಾನ್ಫಿಗ್‌ನಲ್ಲಿ ಟಾರ್ಗೆಟ್ ಇಎಸ್2020 ಮಾಡಿ, ಜೆಸ್ಟ್ ಕ್ಯಾಶ್ ಕ್ಲಿಯರ್ ಮಾಡಿ, ಮತ್ತೆ ಓಡಿಸಿ. ?. ಇಂದ ಬಂದ ಬ್ರಾಂಚ್‌ಗಳು ಹೋಗುತ್ತವೆ. ?? (ಎಡಗಡೆ ನಲ್ ಅಥವಾ ಅನ್‌ಡಿಫೈನ್ಡ್ ಇದ್ದರೆ ಬಲಗಡೆಯದನ್ನು ಕೊಡುವುದು) ಹಾಗೇ ಉಳಿಯುತ್ತದೆ. ಅದು ನಿಜವಾದ ಬ್ರಾಂಚೇ, ಎರಡೂ ಕಡೆಗೆ ಟೆಸ್ಟ್ ಬೇಕು.

ಆದರೆ ಒಂದು ಮಾತು. ಈಗ ರಿಪೋರ್ಟ್ 100 ತೋರಿಸಿದರೂ ಯೂಸರ್ ಇನ್ನೂ ಲೋಡ್ ಆಗದಿದ್ದಾಗ ಸ್ಕ್ರೀನ್ ಮೇಲೆ ಏನು ಬರುತ್ತದೆ ಅಂತ ಯಾರೂ ಪರೀಕ್ಷಿಸಿರುವುದಿಲ್ಲ. ಯೂಸರ್ ಜಾಗದಲ್ಲಿ ನಲ್ ಕೊಟ್ಟು ರೆಂಡರ್ ಮಾಡುವ ಒಂದು ಟೆಸ್ಟ್ ದಯವಿಟ್ಟು ಸೇರಿಸಿ. ನಂಬರ್ ಏರಿಸೋಕೆ ಅಂತ ಆ ಸಾಲನ್ನು ಎಣಿಸಬೇಡ ಅನ್ನುವ ಇಗ್ನೋರ್ ಕಾಮೆಂಟ್ ಮಾತ್ರ ಹಾಕಬೇಡಿ, ನಾಳೆ ಆ ಸಾಲಿಗೆ ಯಾರಾದರೂ ನಿಜವಾದ ಕಂಡೀಶನ್ ಸೇರಿಸಿದರೆ ಅದೂ ಲೆಕ್ಕಕ್ಕೆ ಬರುವುದಿಲ್ಲ.