ಉಂಗುರದ ಮೇಲಿನ ಗೆರೆಗಳು: ಕಪ್ಪುಕುಳಿಯ ಧ್ರುವೀಕರಣ ಚಿತ್ರ ಬಿಡಿಸಲು ನಾನು ಕಲಿತದ್ದು

ಎಂ87 ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಚಿತ್ರ 2019ರಲ್ಲಿ ಬಂತು. ಕಿತ್ತಳೆ ಬಣ್ಣದ ಆ ಉಂಗುರವನ್ನು ನೀವೂ ನೋಡಿರುತ್ತೀರಿ. 2021ರ ಮಾರ್ಚ್‌ನಲ್ಲಿ ಇವೆಂಟ್ ಹೊರೈಜನ್ ಟೆಲಿಸ್ಕೋಪ್ (ಇಎಚ್‌ಟಿ, ಹಲವು ದೇಶಗಳ ರೇಡಿಯೋ ದೂರದರ್ಶಕಗಳನ್ನು ಒಂದಾಗಿ ಬಳಸುವ ಯೋಜನೆ) ತಂಡ ಅದೇ ಉಂಗುರವನ್ನು ಮತ್ತೆ ತೋರಿಸಿತು. ಈ ಸಲ ಅದರ ಮೇಲೆ ಸುರುಳಿ ಸುತ್ತುವ ಗೆರೆಗಳಿದ್ದವು. ರೇಡಿಯೋ ಅಲೆ ಯಾವ ದಿಕ್ಕಿಗೆ ಕಂಪಿಸುತ್ತಿದೆ ಅಂತ ಆ ಗೆರೆಗಳು ಹೇಳುತ್ತವೆ. ಅಲೆಗಳು ಹೀಗೆ ಒಂದೇ ದಿಕ್ಕಿಗೆ ಕಂಪಿಸುವುದೇ ಧ್ರುವೀಕರಣ. ಅಲ್ಲಿನ ಕಾಂತಕ್ಷೇತ್ರ ಹೇಗಿದೆ ಅಂತ ತಿಳಿಯುವುದು ಅವುಗಳಿಂದಲೇ. ನನಗೆ ಉಂಗುರಕ್ಕಿಂತ ಈ ಗೆರೆಗಳ ಮೇಲೆ ಪ್ರೀತಿ ಜಾಸ್ತಿ.

ಅವನ್ನು ಬಿಡಿಸುವುದು ಹೇಗೆ ಅಂತ ಕಲಿಯಲು ಹೊರಟಾಗ ನನ್ನ ಗೈಡ್ ಒಂದು ಷರತ್ತು ಹಾಕಿದರು. "ಮೊದಲು ಹುಸಿ ಡೇಟಾ ಮಾಡಿಕೋ. ಉತ್ತರ ಗೊತ್ತಿರೋ ಲೆಕ್ಕ ಬಿಡಿಸದೆ ನಿಜವಾದ ಡೇಟಾ ಮುಟ್ಟಬೇಡ."

ಹಾಗಾಗಿ 42 ಮೈಕ್ರೋ ಆರ್ಕ್‌ಸೆಕೆಂಡ್ ಅಗಲದ ಉಂಗುರವೊಂದನ್ನು ನಾನೇ ಮಾಡಿದೆ. ಮೈಕ್ರೋ ಆರ್ಕ್‌ಸೆಕೆಂಡ್ ಅಂದರೆ ಆಕಾಶದಲ್ಲಿ ಅಗಲ ಅಳೆಯುವ ಅತಿ ಚಿಕ್ಕ ಕೋನ. ಎಂ87ರಲ್ಲಿ ಕಂಡಂತೆ ನೈಋತ್ಯದ ಕಡೆ ಧ್ರುವೀಕರಣವನ್ನು ಶೇ 15ರಷ್ಟು ಇಟ್ಟೆ. 2017ರ ಏಪ್ರಿಲ್‌ನಲ್ಲಿ ಎಂ87 ನೋಡಿದ ದೂರದರ್ಶಕಗಳು ಏಳು. ಚಿಲಿ, ಹವಾಯಿ, ಅರಿಜೋನ, ಮೆಕ್ಸಿಕೋ, ಸ್ಪೇನ್ ಅಂತ ಐದೇ ಜಾಗ. ದಕ್ಷಿಣ ಧ್ರುವದಲ್ಲಿರುವ ಎಂಟನೆಯದಕ್ಕೆ ಎಂ87 ಕಾಣುವುದಿಲ್ಲ. ಇಎಚ್‌ಟಿ-ಇಮೇಜಿಂಗ್ ಅನ್ನುವ ಪೈಥಾನ್ ಲೈಬ್ರರಿ ಎಲ್ಲರಿಗೂ ಉಚಿತ. ಅದರಲ್ಲಿ ಈ ಏಳನ್ನೂ ಕೂರಿಸಿ, ಅಳತೆಯಲ್ಲಿ ನುಸುಳುವ ಗದ್ದಲ ಸೇರಿಸಿ, ಡೇಟಾ ತಯಾರಿಸಿದೆ.

ಐದು ಜಾಗದಿಂದ ಸಿಗುವ ಮಾಹಿತಿ ಬಹಳ ಕಡಿಮೆ. ಚುಕ್ಕಿ ರಂಗೋಲಿಯ ಮುಕ್ಕಾಲು ಚುಕ್ಕಿ ಅಳಿಸಿಹೋದ ಮೇಲೆ ರಂಗೋಲಿ ಯಾವುದು ಅಂತ ಹುಡುಕಿದ ಹಾಗೆ. ಆದರೂ ಬರೀ ಹೊಳಪಿನ ಚಿತ್ರ ಎರಡು ದಿನದಲ್ಲಿ ಬಂತು. ಕಷ್ಟ ಶುರುವಾಗಿದ್ದು ಆಮೇಲೆ.

ಹೆಚ್ಚಿನ ದೂರದರ್ಶಕಗಳು ಬಲಕ್ಕೆ ಸುತ್ತುವ ಅಲೆ, ಎಡಕ್ಕೆ ಸುತ್ತುವ ಅಲೆ ಎರಡನ್ನೂ ಬೇರೆ ಬೇರೆ ದಾಖಲಿಸುತ್ತವೆ. ಒಂದು ದೂರದರ್ಶಕದ ಬಲಸುತ್ತಿನ ಅಲೆಯನ್ನು ಇನ್ನೊಂದರ ಎಡಸುತ್ತಿನ ಅಲೆಯ ಜೊತೆ ಹೋಲಿಸಿದಾಗ ಧ್ರುವೀಕರಣ ಹೊರಬರುತ್ತದೆ. ಅದನ್ನು ಒಟ್ಟು ಹೊಳಪಿನಿಂದ ಭಾಗಿಸಿದರೆ ವಾತಾವರಣ ಮಾಡುವ ಗೊಂದಲ ಬಹುಪಾಲು ಹೊಡೆದುಹೋಗುತ್ತದೆ. ಇದು ಚೆಂದದ ಉಪಾಯ. ಆದರೆ ಸೋರಿಕೆ ಮಾತ್ರ ಹೋಗುವುದಿಲ್ಲ. ಬಲದ ಸಂಕೇತ ಸ್ವಲ್ಪ ಎಡಕ್ಕೆ, ಎಡದ್ದು ಸ್ವಲ್ಪ ಬಲಕ್ಕೆ ಸೋರುತ್ತದೆ. ಕೆಲವು ಕಡೆ ಈ ಸೋರಿಕೆ ಶೇ 10ರ ಹತ್ತಿರ ಹೋಗುತ್ತದೆ. ನಾವು ಹುಡುಕುತ್ತಿರುವುದೇ ಹೆಚ್ಚೆಂದರೆ ಶೇ 15. ಅಂದರೆ ಉಪಕರಣದ ಸೋರಿಕೆಯೇ ಕಪ್ಪುಕುಳಿಯ ಗೆರೆಯ ವೇಷ ಹಾಕಿ ಬರಬಹುದು.

ಎರಡನ್ನೂ ಬೇರೆ ಮಾಡಿಕೊಡುವುದು ಭೂಮಿಯ ತಿರುಗುವಿಕೆ. ರಾತ್ರಿ ಕಳೆದಂತೆ, ಅಲೆ ಹಿಡಿಯುವ ರಿಸೀವರ್ ಎದುರು ಆಕಾಶ ನಿಧಾನವಾಗಿ ತಿರುಗುತ್ತದೆ. ಕಪ್ಪುಕುಳಿಯ ಗೆರೆ ಅದರ ಜೊತೆ ತಿರುಗುತ್ತದೆ, ಸೋರಿಕೆ ತಿರುಗುವುದಿಲ್ಲ. ಇದು ತಲೆಗೆ ಹೋದ ದಿನ ನಾನು ಖುಷಿಯಲ್ಲಿ ಊಟ ಮರೆತಿದ್ದೆ.

ಚಿಲಿಯ ಎರಡು ದೂರದರ್ಶಕಗಳಾದ ಆಲ್ಮಾ ಮತ್ತು ಅಪೆಕ್ಸ್ ನಡುವೆ ಇರುವುದು ಸುಮಾರು 2.6 ಕಿಲೋಮೀಟರ್. ಇಷ್ಟು ಹತ್ತಿರದ ಜೋಡಿಗೆ ಉಂಗುರ ಬರೀ ಒಂದು ಚುಕ್ಕಿ. ಹಾಗಾಗಿ ಚಿತ್ರ ಇಲ್ಲದೆಯೇ ಅವೆರಡರ ಸೋರಿಕೆ ಲೆಕ್ಕ ಹಾಕಬಹುದು. ಹವಾಯಿಯ ಜೋಡಿಗೂ ಹೀಗೇ. ಉಳಿದವಕ್ಕೆ ದಾರಿ ಉದ್ದ. ಚಿತ್ರ ಬಿಡಿಸಬೇಕು, ಅದರಿಂದ ಸೋರಿಕೆ ಅಂದಾಜು ಮಾಡಬೇಕು, ಅದನ್ನು ತೆಗೆದು ಮತ್ತೆ ಚಿತ್ರ ಬಿಡಿಸಬೇಕು. ಹತ್ತಾರು ಸುತ್ತು.

ನನಗೆ ಬಂದ ಮೊದಲ ಚಿತ್ರ ತುಂಬಾ ಸೊಗಸಾಗಿತ್ತು. ನಯವಾದ ಸುರುಳಿ, ಎಲ್ಲೂ ತುಂಡಾಗಿಲ್ಲ. ಆದರೆ ನಾನು ಇಟ್ಟಿದ್ದ ಸುರುಳಿ ಅದಾಗಿರಲಿಲ್ಲ. ಗೆರೆಗಳ ಓರೆಯೇ ಬೇರೆ. ಗೈಡ್ ಚಿತ್ರ ನೋಡಲೇ ಇಲ್ಲ. "ಸೋರಿಕೆ ಎಷ್ಟು ಬಂತು? ಒಂದೊಂದೇ ದೂರದರ್ಶಕ ಬಿಟ್ಟು ಮತ್ತೆ ಬಿಡಿಸು" ಅಂದರು. ಮೆಕ್ಸಿಕೋದ್ದನ್ನು ಬಿಟ್ಟ ತಕ್ಷಣ ಗೆರೆಗಳು ಸರಿಯಾದ ಕಡೆಗೆ ವಾಲಿದವು. ಅದನ್ನು ಸೇರಿಸಿದಾಗ ಅದರ ಸೋರಿಕೆ ಹುಸಿ ಡೇಟಾದಲ್ಲಿ ನಾನು ಹಾಕಿದ್ದಕ್ಕಿಂತ ಎಷ್ಟೋ ಪಟ್ಟು ಬರುತ್ತಿತ್ತು.

ಕಾರಣ ಒಂದು ಚಿಹ್ನೆ. ಕೆಲವು ದೂರದರ್ಶಕಗಳಲ್ಲಿ ರಿಸೀವರ್ ತಟ್ಟೆಯ ಜೊತೆ ಏರಿಳಿಯುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತದೆ. ನಾಸ್ಮಿತ್ ವ್ಯವಸ್ಥೆ ಅನ್ನುತ್ತಾರೆ. ಅಲ್ಲಿ ತಟ್ಟೆ ಎಷ್ಟು ಮೇಲೆದ್ದಿದೆ ಅನ್ನುವ ಕೋನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಿಸೀವರ್ ಬಲಬದಿಗಿದ್ದರೆ ಕೂಡಿಸಬೇಕು, ಎಡಬದಿಗಿದ್ದರೆ ಕಳೆಯಬೇಕು. ಅರಿಜೋನದ್ದು ಬಲ, ಮೆಕ್ಸಿಕೋದ್ದು ಎಡ. ಡೇಟಾ ತಯಾರಿಸುವಾಗ ಸರಿಯಾಗಿಯೇ ಹಾಕಿದ್ದೆ. ಚಿತ್ರ ಬಿಡಿಸುವ ಫೈಲಿನಲ್ಲಿ ಎರಡಕ್ಕೂ ಪ್ಲಸ್ ಬರೆದಿದ್ದೆ. ಆಕಾಶ ಒಂದು ಕಡೆ ತಿರುಗುತ್ತಿದ್ದರೆ ನನ್ನ ಲೆಕ್ಕ ಇನ್ನೊಂದು ರೀತಿ ತಿರುಗಿಸುತ್ತಿತ್ತು. ಆ ತಪ್ಪನ್ನೆಲ್ಲ ಸೋರಿಕೆ ನುಂಗಿಕೊಂಡು, ಚಿತ್ರವನ್ನು ನಯವಾಗಿ ಇಟ್ಟಿತ್ತು. ನಿಜವಾದ ಡೇಟಾ ಆಗಿದ್ದರೆ ಆ ಸುರುಳಿಯನ್ನು ನಾನು ನಂಬಿಬಿಡುತ್ತಿದ್ದೆ, ಅಲ್ವಾ?

ಚಿಹ್ನೆ ತಿದ್ದಿದ ಮೇಲೆ, ಚಿತ್ರ ಎಷ್ಟು ನಯವಾಗಿರಬೇಕು ಅನ್ನುವ ಒತ್ತಡವನ್ನು ಏರಿಸಿ ಇಳಿಸಿ ಹಲವು ಸಲ ಬಿಡಿಸಿದೆ. ನೈಋತ್ಯದ ಗೆರೆಗಳು ಪ್ರತಿ ಸಲವೂ ಅದೇ ಓರೆಯಲ್ಲಿ ಬಂದವು. ಉತ್ತರದ ಕಡೆಯವು ಒಂದೊಂದು ಸಲ ಒಂದೊಂದು ದಿಕ್ಕಿಗೆ ತಿರುಗಿದವು. ಅಲ್ಲಿ ಗೆರೆ ಎಳೆಯದೆ ಖಾಲಿ ಬಿಟ್ಟೆ. ಮೊದಲು ಸೋರಿಕೆಯ ಪಟ್ಟಿ, ಅದರ ಕೆಳಗೆ ಚಿತ್ರ ಇಟ್ಟು ಗೈಡ್‌ಗೆ ಕಳಿಸಿದೆ.