ಎಂ82 ಗ್ಯಾಲಕ್ಸಿಯ ಗಾಳಿಯನ್ನು ತಾರಸಿಯಿಂದ ನೋಡುವುದು ಹೇಗೆ

ಗ್ಯಾಲಕ್ಸಿಯಿಂದಲೂ ಗಾಳಿ ಹೊರಗೆ ಬೀಸುತ್ತದೆ. ಹಿರಿಯೂರಿನ ಹತ್ತಿರ ನಮ್ಮ ತೋಟದ ಮನೆಯ ತಾರಸಿಯಿಂದ ನಾನು ಪ್ರತಿ ವರ್ಷ ಅದರ ಫೋಟೋ ತೆಗೆಯುತ್ತೇನೆ. ನೀವೂ ತೆಗೆಯಬಹುದು.

ಏಪ್ರಿಲ್ ಮೊದಲ ವಾರದ ಆಸುಪಾಸು, ಚಂದ್ರನಿಲ್ಲದ ರಾತ್ರಿ 9ಕ್ಕೆ ಉತ್ತರಕ್ಕೆ ಮುಖ ಮಾಡಿ. ಸಪ್ತರ್ಷಿಗಳ ಚೌಕದಲ್ಲಿ ಪುಲಸ್ತ್ಯನಿಂದ (ಫೆಕ್ಡಾ ನಕ್ಷತ್ರ) ಕ್ರತುವಿಗೆ (ಡೂಭೆ ನಕ್ಷತ್ರ) ಓರೆಯಾಗಿ ಗೆರೆ ಎಳೆಯಿರಿ. ಅಷ್ಟೇ ದೂರ ಮುಂದೆ ಹೋದರೆ ದುರ್ಬೀನಿನಲ್ಲಿ ಎರಡು ಗ್ಯಾಲಕ್ಸಿಗಳ ಮಸುಕು ಗುರುತು. ದುಂಡಗಿರುವುದು ಎಂ81, ಕಡ್ಡಿಯಂತಿರುವುದು ಎಂ82. ದೂರ ಸುಮಾರು 1.2 ಕೋಟಿ ಜ್ಯೋತಿರ್ವರ್ಷ. ನಮ್ಮ ಕಡೆ ಅದು 35 ಡಿಗ್ರಿಗಿಂತ ಜಾಸ್ತಿ ಮೇಲೇರುವುದಿಲ್ಲ. ಉತ್ತರಕ್ಕೆ ತೆಂಗಿನ ಮರ ಅಡ್ಡ ಇರಬಾರದು.

ದುರ್ಬೀನಿನಲ್ಲಿ ಕಡ್ಡಿ ಕಾಣುತ್ತದೆ, ಗಾಳಿ ಕಾಣುವುದಿಲ್ಲ. ಅದಕ್ಕೆ ಕ್ಯಾಮೆರಾ ಮತ್ತು 656 ನ್ಯಾನೋಮೀಟರ್‌ನ ಹೈಡ್ರೋಜನ್ ಆಲ್ಫಾ ಫಿಲ್ಟರ್ (ಹೈಡ್ರೋಜನ್‌ನ ಕೆಂಪು ಬೆಳಕನ್ನಷ್ಟೇ ಬಿಡುವ ಗಾಜು) ಬೇಕು. ಐದೈದು ನಿಮಿಷದ ಫೋಟೋ ತೆಗೆದು, ಎರಡು ಮೂರು ರಾತ್ರಿಯವನ್ನೆಲ್ಲ ಸ್ಟ್ಯಾಕ್ ಮಾಡಿ, ಅಂದರೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ. ಹಿನ್ನೆಲೆ ಕಪ್ಪಾಗಲಿ ಅಂತ ಜಾಸ್ತಿ ತಿದ್ದಬೇಡಿ. ಮೊದಲ ವರ್ಷ ನಾನು ಹಾಗೆ ಮಾಡಿ, ಬೇಕಾಗಿದ್ದ ಮಸುಕನ್ನೇ ಅಳಿಸಿಬಿಟ್ಟೆ.

ಈಗ ಕಡ್ಡಿಯ ನಡುವಿನಿಂದ ಎರಡೂ ಬದಿಗೆ ಕೆಂಪು ಎಳೆಗಳು ಚಾಚಿರುತ್ತವೆ. 1963ರಲ್ಲಿ ಖಗೋಳ ವಿಜ್ಞಾನಿಗಳಾದ ಲಿಂಡ್ಸ್ ಮತ್ತು ಸ್ಯಾಂಡೇಜ್ ಇದನ್ನು ಒಂದು ದೊಡ್ಡ ಸ್ಫೋಟ ಅಂದುಕೊಂಡಿದ್ದರು. ನಿಜ ಸಂಗತಿ ಬೇರೆ. ಅಲ್ಲಿ ನಕ್ಷತ್ರಗಳು ರಾಶಿ ರಾಶಿ ಹುಟ್ಟುತ್ತಿವೆ. ದೊಡ್ಡವು ಬೇಗ ಸಿಡಿಯುತ್ತವೆ. ಅವೆಲ್ಲ ಸೇರಿ ಅನಿಲವನ್ನು ಹೊರಗೆ ದಬ್ಬುತ್ತವೆ.

ಕೆಂಪನ್ನೇ ಗಾಳಿ ಅಂದುಕೊಳ್ಳಬೇಡಿ. ನಿಜವಾದ ಗಾಳಿ ಕೋಟಿಗಟ್ಟಲೆ ಡಿಗ್ರಿ ಬಿಸಿ, ಕಾಣುವುದು ಎಕ್ಸ್-ರೇ ದೂರದರ್ಶಕಗಳಿಗೆ ಮಾತ್ರ. ಕೆಂಪು ಬಣ್ಣ ಅದು ಎಳೆದೊಯ್ಯುವ ತಂಪು ಅನಿಲದ್ದು. ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ವಾ? ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಇಲ್ಲೂ ತಂಪು, ದಟ್ಟ ಅನಿಲದಲ್ಲಿ ಬಹುಪಾಲು ವಾಪಸ್ ಬೀಳಬಹುದು. ಬಿಸಿ, ತೆಳು ಅನಿಲ ಗ್ಯಾಲಕ್ಸಿ ದಾಟಿ ಹೋಗುತ್ತದೆ. ನಕ್ಷತ್ರದೊಳಗೆ ಬೆಂದ ಆಮ್ಲಜನಕ, ಇಂಗಾಲವನ್ನೂ ಒಯ್ಯುತ್ತದೆ. ಗ್ಯಾಲಕ್ಸಿಗಳ ನಡುವಿನ ಅನಿಲ ಮೊದಲು ಬರೀ ಹೈಡ್ರೋಜನ್, ಹೀಲಿಯಂ ಆಗಿತ್ತು. ದೂರದ ಕ್ವೇಸಾರ್‌ಗಳ (ತುಂಬ ಪ್ರಖರವಾದ ಗ್ಯಾಲಕ್ಸಿ ಕೇಂದ್ರಗಳ) ಬೆಳಕು ಅದನ್ನು ಹಾದು ಬಂದಾಗ ಈಗ ಇಂಗಾಲದ ಗುರುತೂ ಸಿಗುತ್ತದೆ. ಜೊತೆಗೆ ಗಾಳಿ ತಾಗಿ ಆ ಅನಿಲ ಬಿಸಿಯೇರುತ್ತದೆ. ಬಿಸಿಯಾದದ್ದು ಬೇಗ ತಣಿದು ಗ್ಯಾಲಕ್ಸಿಗೆ ಇಳಿಯುವುದಿಲ್ಲ, ಹೊಸ ನಕ್ಷತ್ರಕ್ಕೆ ಸರಕು ಕಡಿಮೆಯಾಗುತ್ತದೆ.

ಫ್ರೇಮ್ ಇಡುವಾಗ ಎಂ82ರ ಉತ್ತರಕ್ಕೆ ಜಾಗ ಬಿಡಿ. ಸುಮಾರು 36,000 ಜ್ಯೋತಿರ್ವರ್ಷ ಮೇಲೆ ಟೋಪಿಯಂಥ ಮಸುಕು ತುಣುಕೊಂದಿದೆ. ಗಾಳಿ ಅಲ್ಲಿನ ಅನಿಲದ ಮೋಡಕ್ಕೆ ಬಡಿಯುವ ಜಾಗ ಅದು. ನನಗೆ ಸಿಕ್ಕಿದ್ದು ಮೂರನೇ ವರ್ಷ, ಹದಿನಾಲ್ಕು ಗಂಟೆಯ ಫೋಟೋ ಕೂಡಿಸಿದ ಮೇಲೆ.